ಆಕ್ಸಿಟೋಸಿನ್ ವಿಷವೇ? ಬಾಣಂತಿಯರ ಜೀವ ಉಳಿಸುವ ಈ ಔಷಧಿಗೆ ದಾರಿ ತೋರಿದ ಹೆನ್ರಿ ಡೇಲ್ ಕಥೆ

ಹಸುವಿಗೆ ಆಕ್ಸಿಟೋಸಿನ್ ಚುಚ್ಚಿ ಹಾಲು ಕರೆಯುತ್ತಾರೆ, ಆ ಹಾಲು ಕುಡಿದ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ, ಈ ಔಷಧಿಯೇ ವಿಷ ಎನ್ನುವ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದೇ ಔಷಧಿ ಹೆರಿಗೆ ಕೋಣೆಯಲ್ಲಿ ಏನು ಮಾಡುತ್ತದೆ ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ಅದನ್ನು ತಿಳಿಯಲು ನಾವು ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ, ಲಂಡನ್ನಿಗೆ ಹೋಗಬೇಕು.

ಬೂಷ್ಟಿನಿಂದ ಶುರುವಾದ ಕೆಲಸ

ಹೆನ್ರಿ ಡೇಲ್ ಹುಟ್ಟಿದ್ದು 1875ರ ಜೂನ್ 9ರಂದು, ಲಂಡನ್ನಿನಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದಿ ವೈದ್ಯರಾದರು. 1904ರಲ್ಲಿ ವೆಲ್‌ಕಮ್ ಔಷಧಿ ಕಂಪನಿಯ ಪ್ರಯೋಗಾಲಯ ಸೇರಿದರು. ಕಂಪನಿಗೆ ಹೋದರೆ ವಿಜ್ಞಾನ ಬಿಟ್ಟಂತೆ ಎಂದು ಅನೇಕರು ಭಾವಿಸುತ್ತಿದ್ದ ಕಾಲ ಅದು. ಮಾಲೀಕ ಹೆನ್ರಿ ವೆಲ್‌ಕಮ್ ಅವರಿಗೆ ಸೂಚಿಸಿದ ವಿಷಯ ಎರ್ಗಟ್.

ಎರ್ಗಟ್ ಎಂದರೆ ರೈ ಎಂಬ ಧಾನ್ಯದ ತೆನೆಗೆ ಹತ್ತುವ ಒಂದು ಬಗೆಯ ಬೂಷ್ಟು. ಹೆರಿಗೆ ಬೇಗ ಆಗಲಿ ಎಂದು ಯುರೋಪಿನ ಸೂಲಗಿತ್ತಿಯರು ಅದನ್ನು ಕೊಡುತ್ತಿದ್ದರು. ಸಮಸ್ಯೆ ಏನೆಂದರೆ, ಸಹಜ ಹೆರಿಗೆ ನೋವು ಬಂದು ಹೋಗಿ ಬಂದು ಹೋಗಿ ಮಾಡುತ್ತದೆ. ನಡುವಿನ ಬಿಡುವಿನಲ್ಲಿ ಮಗುವಿಗೆ ರಕ್ತ ತಲುಪುತ್ತದೆ. ಎರ್ಗಟ್ ಹೆಚ್ಚಾದರೆ ಗರ್ಭಕೋಶ ಬಿಗಿಯಾದದ್ದು ಸಡಿಲವಾಗುವುದೇ ಇಲ್ಲ. ಇದರಿಂದ ಮಕ್ಕಳು ಸತ್ತರು, ತಾಯಂದಿರ ಗರ್ಭಕೋಶ ಒಡೆಯಿತು.

1906ರಲ್ಲಿ ಸಿಕ್ಕ ಸುಳಿವು

ಎರ್ಗಟ್ ಕುರಿತ ಪ್ರಯೋಗಗಳ ನಡುವೆ ಡೇಲ್ ಪಿಟ್ಯುಟರಿ ಗ್ರಂಥಿಯ ಹಿಂಭಾಗದ ಸಾರವನ್ನೂ ಪರೀಕ್ಷಿಸಿದರು. ಮಿದುಳಿನ ಬುಡದಲ್ಲಿರುವ, ಅವರೆಕಾಳಿನಷ್ಟು ಗ್ರಂಥಿ ಅದು. ಸಾರ ಕೊಟ್ಟಾಗ ಬೆಕ್ಕಿನ ಗರ್ಭಕೋಶ ಬಲವಾಗಿ ಬಿಗಿದುಕೊಂಡಿತು. 1906ರಲ್ಲಿ ಇದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತುವೇ ಆಕ್ಸಿಟೋಸಿನ್. ಗ್ರೀಕ್ ಮೂಲದ ಈ ಹೆಸರಿನ ಅರ್ಥ ಬೇಗನೆ ಹೆರಿಗೆ ಎಂದು.

1909ರಲ್ಲೇ ಇಂಗ್ಲೆಂಡಿನ ವೈದ್ಯ ವಿಲಿಯಂ ಬ್ಲೇರ್ ಬೆಲ್ ಈ ಸಾರವನ್ನು ಹೆರಿಗೆಯಲ್ಲಿ ಬಳಸಿದ್ದನ್ನು ವರದಿ ಮಾಡಿದರು. ಆದರೆ ಒಂದು ಬಾಟಲಿಯಂತೆ ಇನ್ನೊಂದು ಇರುತ್ತಿರಲಿಲ್ಲ. ಒಂದು ಸಪ್ಪೆ, ಇನ್ನೊಂದು ಅಪಾಯಕಾರಿ. 1912ರಲ್ಲಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಗಿನಿಯಿಲಿಯ ಗರ್ಭಕೋಶ ಎಷ್ಟು ಸಂಕುಚಿಸುತ್ತದೆ ಎಂದು ನೋಡಿ ಸಾರದ ಶಕ್ತಿ ಅಳೆಯುವ ವಿಧಾನ ರೂಪಿಸಿದರು. ಔಷಧಿಗಳಿಗೆ ಜಗತ್ತಿಗೆಲ್ಲ ಒಂದೇ ಅಳತೆ ಇರಬೇಕು ಎಂಬ ಕೆಲಸದಲ್ಲಿ ಮುಂದೆಯೂ ಡೇಲ್ ಮುಂಚೂಣಿಯಲ್ಲಿದ್ದರು. ಇಂದಿಗೂ ಆಕ್ಸಿಟೋಸಿನ್ ಅನ್ನು ಯೂನಿಟ್ ಲೆಕ್ಕದಲ್ಲೇ ಕೊಡುತ್ತಾರೆ.

ಬೂಷ್ಟು ಕೊಟ್ಟ ಇನ್ನೊಂದು ಔಷಧಿ

ಡೇಲ್ ನಿರ್ದೇಶಕರಾಗಿದ್ದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಹೆರಾಲ್ಡ್ ಡಡ್ಲಿ ಮತ್ತು ಹೆರಿಗೆ ವೈದ್ಯ ಚಾಸರ್ ಮೋಯಿರ್ ಜೊತೆಯಾಗಿ ಎರ್ಗಟ್ ರಹಸ್ಯ ಬಿಡಿಸಿದರು. ಮೋಯಿರ್ ಆಗಷ್ಟೇ ಹೆತ್ತ ಬಾಣಂತಿಯರ ಗರ್ಭಕೋಶದಲ್ಲಿ ಸಣ್ಣ ಬಲೂನು ಇಟ್ಟು ಸಂಕೋಚನ ದಾಖಲಿಸಿದರು. 1935ರಲ್ಲಿ ಎರ್ಗೋಮೆಟ್ರಿನ್ ಸಿಕ್ಕಿತು. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಆಕ್ಸಿಟೋಸಿನ್ ಅನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. 1955ರಲ್ಲಿ ಅವರಿಗೆ ನೊಬೆಲ್ ಬಂತು.

ಡೇಲ್ ಅವರಿಗೆ 1936ರಲ್ಲೇ ನೊಬೆಲ್ ಬಂದಿತ್ತು, ಆದರೆ ಬೇರೆ ಕೆಲಸಕ್ಕೆ: ನರಗಳು ರಾಸಾಯನಿಕದ ಮೂಲಕ ಸಂದೇಶ ಕಳಿಸುತ್ತವೆ ಎಂದು ತೋರಿಸಿದ್ದಕ್ಕೆ. ಆ ಹಾದಿಯೂ ಎರ್ಗಟ್ ಪ್ರಯೋಗಗಳಿಂದಲೇ ತೆರೆದಿತ್ತು. 93 ವರ್ಷ ಬದುಕಿ 1968ರ ಜುಲೈ 23ರಂದು ತೀರಿಕೊಂಡರು.

ಹಾಗಾದರೆ ಫಾರ್ವರ್ಡ್ ನಿಜವೇ?

ಹೆಚ್ಚು ಹಾಲಿಗಾಗಿ ಹಸುವಿಗೆ ಆಕ್ಸಿಟೋಸಿನ್ ಚುಚ್ಚುವುದು ಕ್ರೌರ್ಯ, ನಮ್ಮ ಕಾನೂನಿನಲ್ಲಿ ಅಪರಾಧ. ಅಷ್ಟು ನಿಜ. ಆದರೆ ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಹಾಲಿನಲ್ಲಿ ಇದ್ದರೂ ಹೊಟ್ಟೆಯಲ್ಲಿ ಬೇರೆ ಪ್ರೋಟೀನಿನಂತೆ ಜೀರ್ಣವಾಗುತ್ತದೆ. ಆ ಹಾಲಿನಿಂದ ಮಕ್ಕಳು ಬೇಗ ಮೈನೆರೆಯುತ್ತಾರೆ ಎನ್ನುವುದಕ್ಕೆ ಪುರಾವೆ ಇಲ್ಲ.

ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯದಿದ್ದರೆ ಮಾಸು ಅಂಟಿದ್ದ ಜಾಗದ ರಕ್ತನಾಳಗಳು ಮುಚ್ಚುವುದಿಲ್ಲ. ಕೆಲವೇ ಹೊತ್ತಿನಲ್ಲಿ ತಾಯಿಯ ಜೀವ ಹೋಗಬಹುದು. ಅದಕ್ಕೇ ಪ್ರತಿ ಹೆರಿಗೆಯ ನಂತರ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಪಶುಗಳ ಮೇಲಿನ ದುರ್ಬಳಕೆ ತಡೆಯಲೆಂದು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಇದನ್ನು ದೇಶದ ಬಳಕೆಗೆ ತಯಾರಿಸದಂತೆ ಆದೇಶಿಸಿ, ಬೆಂಗಳೂರಿನ ಸರ್ಕಾರಿ ಕಂಪನಿ ಕೆಎಪಿಎಲ್‌ಗೆ ಮಾತ್ರ ಹೊಣೆ ವಹಿಸಿತ್ತು. ದೇಶಕ್ಕೆಲ್ಲ ಒಂದೇ ಕಂಪನಿಯಾದರೆ ಬಾಣಂತಿಯರಿಗೆ ಕೊರತೆಯಾಗಬಹುದು ಎಂಬ ಆತಂಕ ಎದ್ದಿತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆದೇಶ ರದ್ದುಮಾಡಿತು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು.

ಒಂದು ಎಚ್ಚರಿಕೆ: ನೋವು ಜೋರಾಗಲಿ ಎಂದು ಮನೆಯಲ್ಲಿ ಯಾರಾದರೂ ಇಂಜೆಕ್ಷನ್ ಕೊಡಲು ಬಂದರೆ ಬೇಡವೆನ್ನಿ. ಹೆರಿಗೆಗೆ ಮುಂಚೆ ಇದನ್ನು ಆಸ್ಪತ್ರೆಯಲ್ಲಿ ಮಾತ್ರ, ಮಗುವಿನ ಎದೆಬಡಿತ ನೋಡುತ್ತ, ಡ್ರಿಪ್‌ನಲ್ಲಿ ಹನಿಹನಿಯಾಗಿ ಕೊಡಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಕೊಡುವ ಇಂಜೆಕ್ಷನ್‌ಗೆ ಮಾತ್ರ ಹೆದರಬೇಡಿ. ಗ್ರೂಪಿನಲ್ಲಿ ಮುಂದಿನ ಸಲ ಆ ಫಾರ್ವರ್ಡ್ ಬಂದಾಗ ಇದನ್ನೂ ಹಂಚಿ.