ಶ್ರೀಮತಿ ಫೆಲೀಷಿಯಾ ಹೆಮನ್ಸ್

ಉರಿಯುವ ಹಡಗಿನ ಮೇಲೆ ತಂದೆಯ ಅಪ್ಪಣೆಗಾಗಿ ಕಾದು ನಿಂತ ಬಾಲಕನ ಇಂಗ್ಲಿಷ್ ಪದ್ಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಾಯಿಪಾಠ ಮಾಡಿರುವರು. ಅದನ್ನು ರಚಿಸಿದ ಮಹಿಳೆಯ ಚರಿತ್ರೆಯು ಅಷ್ಟಾಗಿ ಪ್ರಚಾರದಲ್ಲಿಲ್ಲವಾದುದರಿಂದ ಇಲ್ಲಿ ಸಂಕ್ಷೇಪವಾಗಿ ಹೇಳಬಯಸುತ್ತೇವೆ.

ಫೆಲೀಷಿಯಾ ಬ್ರೌನ್ 1793ನೆಯ ಇಸವಿ ಸೆಪ್ಟೆಂಬರ್ 25ರಂದು ಲಿವರ್‌ಪೂಲ್ ನಗರದ ವರ್ತಕನೊಬ್ಬನ ಮಗಳಾಗಿ ಜನಿಸಿದಳು. ಉತ್ತರ ವೇಲ್ಸಿನ ಕಡಲತೀರದಲ್ಲಿ ಬೆಳೆದ ಈಕೆಗೆ ತಾಯಿಯೇ ಗುರುವಾಗಿದ್ದಳು. 1808ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿಯೇ, ಮೊದಲನೆಯ ಕವನಸಂಗ್ರಹವು ಅಚ್ಚಾಯಿತು.

ಆಗ ಇಂಗ್ಲೆಂಡು ನೆಪೋಲಿಯನ್ನನೊಡನೆ ಯುದ್ಧದಲ್ಲಿ ತೊಡಗಿದ್ದಿತು. ಈಕೆಯ ಸಹೋದರರಿಬ್ಬರು ವೇಲ್ಸಿನ 23ನೆಯ ಕಾಲ್ದಳವನ್ನು ಸೇರಿದ್ದರು. ಅಣ್ಣನಾದ ಥಾಮಸನು ದಂಡಿನಲ್ಲಿ ತಾನು ಕಂಡುದನ್ನು ದಿನಚರಿಯಾಗಿ ಬರೆದಿಟ್ಟನು. ಅದು ಗ್ರಂಥವಾಗಿ ಪ್ರಕಟವಾದುದು 1987ರಲ್ಲಿ. ತಂಗಿಯಾದರೋ ಮನೆಯಲ್ಲಿದ್ದುಕೊಂಡೇ ಆ ಯುದ್ಧವನ್ನು ಹಾಡಿದಳು. 1808ರಲ್ಲಿಯೇ ಸ್ಪೇನಿನ ಹೋರಾಟವನ್ನು ಕುರಿತು ಬರೆದ ಕಾವ್ಯದಲ್ಲಿ ಶೌರ್ಯವೂ ದೇಶಾಭಿಮಾನವೂ ತುಂಬಿವೆ.

ಯುದ್ಧದ ಇನ್ನೊಂದು ಮುಖವು ಆಕೆಗೆ ಮನೆಯಲ್ಲಿಯೇ ಗೋಚರವಾಯಿತು. ಸ್ಪೇನಿನ ದಂಡಯಾತ್ರೆಯಲ್ಲಿ ಆರೋಗ್ಯವನ್ನು ಕಳೆದುಕೊಂಡಿದ್ದ ಕ್ಯಾಪ್ಟನ್ ಹೆಮನ್ಸನನ್ನು 1812ರಲ್ಲಿ ವಿವಾಹವಾದಳು. 1818ರಲ್ಲಿ, ಐದನೆಯ ಮಗನು ಹುಟ್ಟುವುದಕ್ಕೆ ಮೊದಲೇ, ಗಂಡನು ಇಟಲಿಗೆ ಹೊರಟುಹೋದನು. ದಂಪತಿಗಳು ಪುನಃ ಸೇರಲಿಲ್ಲ. ತಾಯಿಯು ಮನೆವಾರ್ತೆಯನ್ನು ನೋಡಿಕೊಂಡಳು. ಮಗಳು ಲೇಖನಿಯಿಂದ ಸಂಪಾದಿಸಿ ಮಕ್ಕಳನ್ನು ಸಲಹಿದಳು.

ಬಾಲಕನ ಪದ್ಯವಾದ ‘ಕ್ಯಾಸಬಿಯಾಂಕ’ವು 1826ರಲ್ಲಿ ಪ್ರಕಟವಾಯಿತು. 1798ನೆಯ ಆಗಸ್ಟ್ 1ರಂದು ಐಗುಪ್ತದ ಅಬುಕೀರ್ ಕೊಲ್ಲಿಯಲ್ಲಿ ನೆಲ್ಸನ್ ಸೇನಾನಿಯು ಫ್ರೆಂಚರ ನೌಕಾಪಡೆಯನ್ನು ಮುರಿದನು. ‘ಓರಿಯಂಟ್’ ಎಂಬ ಅವರ ಮಹಾನೌಕೆಯು ಸಿಡಿದು ಮುಳುಗಿತು. ಇಂಗ್ಲೆಂಡಿನವರು ಆ ಜಯವನ್ನು ಕೊಂಡಾಡುತ್ತಿದ್ದಾಗ ಈಕೆಯು ಆ ನೌಕೆಯಲ್ಲಿ ಮಡಿದ ಶತ್ರುಪಕ್ಷದ ಬಾಲಕನಿಗಾಗಿ ಮರುಗಿದಳು. ತಂದೆಯು ಉತ್ತರ ಕೊಡಲಾರದ ಸ್ಥಿತಿಯಲ್ಲಿದ್ದನೆಂಬುದನ್ನು ಆ ಮಗು ಅರಿಯದು.

1828ರಲ್ಲಿ ಸ್ತ್ರೀಯರ ಪ್ರೇಮವನ್ನೂ ಸಹನೆಯನ್ನೂ ಕುರಿತ ಕವನಸಂಗ್ರಹವನ್ನು ಹೊರತಂದಳು. ಮುಂದೆ ಸ್ಕಾಟ್, ವರ್ಡ್ಸ್‌ವರ್ತ್ ಮೊದಲಾದ ಮಹಾಕವಿಗಳ ಸ್ನೇಹವೂ ದೊರೆಯಿತು. 1835ನೆಯ ಮೇ 16ರಂದು ಡಬ್ಲಿನ್ನಿನಲ್ಲಿ, ನಾಲ್ವತ್ತೊಂದನೆಯ ವಯಸ್ಸಿನಲ್ಲಿ, ಕರ್ತನಲ್ಲಿ ನಿದ್ರೆಹೋದಳು. ವರ್ಡ್ಸ್‌ವರ್ತ್ ಕವಿಯು ತನ್ನ ಶೋಕಗೀತೆಯೊಂದರಲ್ಲಿ ಈಕೆಯನ್ನು ಸ್ಮರಿಸಿದ್ದಾನೆ.

ಈ ಪದ್ಯವನ್ನು ವಿಧೇಯತೆಯ ಪಾಠವಾಗಿ ಕಲಿಸುವುದು ರೂಢಿ. ಆ ಪಾಠವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಕ್ಕಳು ಅದನ್ನು ಒಪ್ಪಿಸುವಾಗ, ಕರೆದರೂ ಓಗೊಡಲಾರದ ತಂದೆಯನ್ನೂ, ಎರಡೂ ಪಕ್ಷಗಳಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನೂ ನೆನೆಯುವಂತೆ ತಂದೆತಾಯಿಗಳು ಮನೆಯಲ್ಲಿ ತಿಳಿಸಿಕೊಟ್ಟರೆ, ಕವಯಿತ್ರಿಯ ಹೃದಯವು ಅವರಿಗೆ ಅರ್ಥವಾಗುವುದೆಂದು ನಂಬುತ್ತೇವೆ.