ಎಂ. ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ (ಸೆಪ್ಟೆಂಬರ್ 15, 1861 – ಏಪ್ರಿಲ್ 1962) ಭಾರತದ ಪ್ರಸಿದ್ಧ ಸಿವಿಲ್ ಎಂಜಿನಿಯರ್ ಹಾಗೂ ಮೈಸೂರು ಸಂಸ್ಥಾನದ ದಿವಾನರು. 1955ರಲ್ಲಿ ಇವರಿಗೆ ಭಾರತರತ್ನ ಪ್ರಶಸ್ತಿ ದೊರೆಯಿತು. ಇವರ ಜನ್ಮದಿನವನ್ನು ಭಾರತದಲ್ಲಿ ಎಂಜಿನಿಯರುಗಳ ದಿನವನ್ನಾಗಿ ಆಚರಿಸಲಾಗುತ್ತದೆ.

ಜನನ ಮತ್ತು ಶಿಕ್ಷಣ

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಇವರು ಮನೆಪಾಠ ಹೇಳುತ್ತಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು. ಆ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಕಾಲೇಜು ಇರಲಿಲ್ಲ. ಆದ್ದರಿಂದ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ತೆರಳಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದರು.

ವೃತ್ತಿಜೀವನ

1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿದರು. ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಇವರು ವಿನ್ಯಾಸಗೊಳಿಸಿದ ಸ್ವಯಂಚಾಲಿತ ತೂಬಿನ ಬಾಗಿಲುಗಳನ್ನು ಅಳವಡಿಸಲಾಯಿತು. 1908ರ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿಗೆ ಪ್ರವಾಹ ನಿಯಂತ್ರಣ ಯೋಜನೆಯನ್ನು ರೂಪಿಸಿಕೊಟ್ಟರು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ನೇಮಕಗೊಂಡರು.

ಕನ್ನಂಬಾಡಿ ಅಣೆಕಟ್ಟು ಮತ್ತು ಸುರ್ಕಿ ಗಾರೆ

ಕಾವೇರಿ ನದಿಗೆ ಅಡ್ಡಲಾಗಿ ಕೃಷ್ಣರಾಜಸಾಗರ ಅಣೆಕಟ್ಟಿನ ನಿರ್ಮಾಣವು 1911ರಲ್ಲಿ ಆರಂಭವಾಯಿತು. ಸುಮಾರು 8,600 ಅಡಿ ಉದ್ದ, 130 ಅಡಿ ಎತ್ತರದ ಈ ಅಣೆಕಟ್ಟನ್ನು ಕಲ್ಲು ಮತ್ತು ಸುರ್ಕಿ ಗಾರೆಯಿಂದ ಕಟ್ಟಲಾಗಿದೆ. ಕಾಮಗಾರಿ ಆರಂಭವಾದಾಗ ದೇಶದಲ್ಲಿ ಬಳಕೆಯಾಗುತ್ತಿದ್ದ ಸಿಮೆಂಟಿನ ಬಹುಪಾಲು ಹೊರದೇಶದಿಂದ ಬರುತ್ತಿತ್ತು. ಪೋರಬಂದರಿನ ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾದದ್ದು 1914ರಲ್ಲಿ. ಸುಣ್ಣ ಮತ್ತು ಇಟ್ಟಿಗೆ ಪುಡಿ ಸ್ಥಳೀಯವಾಗಿಯೇ ದೊರೆಯುತ್ತಿದ್ದವು.

ಬರೀ ಸುಣ್ಣದ ಗಾರೆಯು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಆದ್ದರಿಂದ ದಪ್ಪ ಗೋಡೆಯ ಒಳಭಾಗದಲ್ಲಿ ಅಥವಾ ನೀರಿನೊಳಗೆ ಅದು ಸುಲಭವಾಗಿ ಬಲಗೊಳ್ಳುವುದಿಲ್ಲ. ಸುರ್ಕಿ, ಅಂದರೆ ಸುಟ್ಟ ಜೇಡಿಮಣ್ಣಿನ ಪುಡಿಯನ್ನು ಬೆರೆಸಿದಾಗ, ಅದರಲ್ಲಿನ ಸಿಲಿಕಾ ಮತ್ತು ಅಲ್ಯೂಮಿನಾಗಳು ನೀರಿನ ಸಾನ್ನಿಧ್ಯದಲ್ಲಿ ಸುಣ್ಣದೊಡನೆ ವರ್ತಿಸಿ, ನೀರಿನಲ್ಲಿ ಕರಗದ ಬಂಧಕವನ್ನು ಉಂಟುಮಾಡುತ್ತವೆ. ಇಂತಹ ವಸ್ತುಗಳನ್ನು ಪೊಜೊಲಾನಾ ಎಂದು ಕರೆಯುತ್ತಾರೆ. ಇಂದು ಸಿಮೆಂಟಿಗೆ ಹಾರುಬೂದಿಯನ್ನು ಬೆರೆಸುವುದರ ಹಿಂದೆಯೂ ಇದೇ ತತ್ತ್ವವಿದೆ.

ಜಲಾಶಯದ ಎತ್ತರದ ಬಗ್ಗೆ ಮದರಾಸು ಸರ್ಕಾರವು ಆಕ್ಷೇಪಿಸಿ, ಮೊದಲ ಹಂತದ ತಗ್ಗಿನ ಅಣೆಕಟ್ಟಿಗೆ ಮಾತ್ರ ಒಪ್ಪಿತು. ಆದರೂ ಅಡಿಪಾಯವನ್ನು ಪೂರ್ಣ ಎತ್ತರಕ್ಕೆ ತಕ್ಕಂತೆಯೇ ಹಾಕಲಾಯಿತು. ಅನುಮತಿ ದೊರೆಯದಿದ್ದರೆ ಆ ಹೆಚ್ಚುವರಿ ವೆಚ್ಚವು ವ್ಯರ್ಥವಾಗುವ ಸಂಭವವಿತ್ತು. ವಿವಾದವು 1924ರ ಒಪ್ಪಂದದಿಂದ ಬಗೆಹರಿಯಿತು. ಕಾಮಗಾರಿಯು 1930ರ ದಶಕದ ಆರಂಭದಲ್ಲಿ, ಇತರ ಎಂಜಿನಿಯರುಗಳ ಮೇಲ್ವಿಚಾರಣೆಯಲ್ಲಿ ಪೂರ್ಣಗೊಂಡಿತು. ಹಳೆಯ ಕನ್ನಂಬಾಡಿ ಸೇರಿದಂತೆ ಹಲವು ಹಳ್ಳಿಗಳು ಮುಳುಗಡೆಯಾಗಿ, ಅಲ್ಲಿನ ಜನರು ನೆಲೆ ಕಳೆದುಕೊಂಡರು.

ದಿವಾನರಾಗಿ

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1912ರಿಂದ 1918ರವರೆಗೆ ದಿವಾನರಾಗಿದ್ದರು. ಈ ಅವಧಿಯಲ್ಲಿ ಮೈಸೂರು ಬ್ಯಾಂಕ್ (1913), ಹೆಬ್ಬಾಳದ ಕೃಷಿ ಶಾಲೆ (1913), ಕನ್ನಡ ಸಾಹಿತ್ಯ ಪರಿಷತ್ತು (1915) ಮತ್ತು ಮೈಸೂರು ವಿಶ್ವವಿದ್ಯಾಲಯ (1916) ಸ್ಥಾಪನೆಯಾದವು. ಯಲಹಂಕದ ಮೂಲಕ ಚಿಕ್ಕಬಳ್ಳಾಪುರಕ್ಕೆ ಸಾಗುವ ಕಿರು ರೈಲುಮಾರ್ಗವು 1915ರಲ್ಲಿ ಆರಂಭವಾಯಿತು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಮೀಸಲಾತಿ ನೀಡುವ ವಿಷಯದಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಉಂಟಾಗಿ 1918ರಲ್ಲಿ ರಾಜೀನಾಮೆ ನೀಡಿದರು. ಅವರ ಈ ನಿಲುವು ಇಂದಿಗೂ ಟೀಕೆಗೆ ಒಳಗಾಗಿದೆ.

ಬಳಿಕ 1923ರಿಂದ 1929ರವರೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಮುಂದೆ ಅಲ್ಲಿ ಸಿಮೆಂಟ್ ತಯಾರಿಕೆಯೂ ಆರಂಭವಾಯಿತು.

ಎಂಜಿನಿಯರಿಂಗ್ ಶಿಕ್ಷಣ

ತಾವು ಪುಣೆಗೆ ಹೋಗಿ ಕಲಿತ ವಿದ್ಯೆಯು ಸಂಸ್ಥಾನದಲ್ಲಿಯೇ ದೊರೆಯಬೇಕೆಂಬುದು ಇವರ ಆಶಯವಾಗಿತ್ತು. 1917ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದರು. ಕೆ.ಆರ್. ವೃತ್ತದಲ್ಲಿರುವ ಈ ಸಂಸ್ಥೆಗೆ ಈಗ ಇವರದೇ ಹೆಸರಿದೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೆಳಗಾವಿಯಾಗಿದ್ದು, ಮುದ್ದೇನಹಳ್ಳಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರವಿದೆ. ಯಲಹಂಕ, ಹೆಬ್ಬಾಳ ಪ್ರದೇಶಗಳ ಅನೇಕ ಕಾಲೇಜುಗಳು ಇದರ ಸಂಯೋಜನೆಗೆ ಒಳಪಟ್ಟಿವೆ. ಸಿಮೆಂಟ್, ಕಾಂಕ್ರೀಟ್ ಮತ್ತು ಪೊಜೊಲಾನಾಗಳ ಅಧ್ಯಯನವು ಸಿವಿಲ್ ಎಂಜಿನಿಯರಿಂಗ್ ಪದವಿಯ ಭಾಗವಾಗಿದೆ.

ನಿಧನ

ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬಿದ ನಂತರ, ಬೆಂಗಳೂರಿನಲ್ಲಿ ನಿಧನರಾದರು. ಇವರ ಸ್ಮಾರಕವು ಮುದ್ದೇನಹಳ್ಳಿಯಲ್ಲಿದೆ.