ಮೊಸರನ್ನು ನಂಬಿದ ಮೆಚ್ನಿಕಾಫ್



ಕಬ್ಬಿನ ಗದ್ದೆಗೋ ಅಡಿಕೆ ತೋಟಕ್ಕೋ ಗೊಣ್ಣೆಹುಳು ಬಿದ್ದಾಗ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕುವ ಮೆಟರೈಜಿಯಂ ಎಂಬ ಶಿಲೀಂಧ್ರದ ಪುಡಿ ನಿಮ್ಮಲ್ಲಿ ಹಲವರಿಗೆ ಗೊತ್ತು. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿಹುಳುಗಳನ್ನು ಗೊಬ್ಬರದ ಗುಂಡಿಯಲ್ಲೇ ಕೊಲ್ಲಲಿಕ್ಕೂ ಇದೇ ಪುಡಿ. ಹುಳುವಿನ ಮೈಮೇಲೆ ಮೊದಲು ಬಿಳಿಯ ಬೂಷ್ಟು ಕಾಣುತ್ತದೆ, ಆಮೇಲೆ ಅದು ಹಸಿರಾಗುತ್ತದೆ. ಪೊಟ್ಟಣದ ಮೇಲೆ ಸಾಮಾನ್ಯವಾಗಿ ಮೆಟರೈಜಿಯಂ ಅನಿಸೊಪ್ಲಿಯೆ ಎಂದು ಅಚ್ಚಾಗಿರುತ್ತದೆ. ಅದರಲ್ಲಿ ಅನಿಸೊಪ್ಲಿಯೆ ಎಂಬ ಭಾಗವನ್ನು 1879ರಲ್ಲಿ ಇಟ್ಟವರು ಇಲ್ಯಾ ಮೆಚ್ನಿಕಾಫ್. ನಮ್ಮ ಮೈಯೊಳಗೆ ರೋಗಾಣುಗಳನ್ನು ನುಂಗುವ ಕಾವಲು ಕಣಗಳಿವೆ ಎಂದು ಲೋಕಕ್ಕೆ ತೋರಿಸಿದವರೂ, ಯೂರೋಪಿನ ಪಟ್ಟಣಿಗರಿಗೆ ಮೊಸರು ತಿನ್ನುವುದನ್ನು ಕಲಿಸಿದವರೂ ಇವರೇ.

ಇವರ ಕಥೆಯನ್ನು ಈ ವಾರ ಹೇಳುವುದಕ್ಕೆ ಕಾರಣವಿದೆ. ರಕ್ತಭೇದಿ ಹಿಡಿದು ತಿಂಗಳುಗಟ್ಟಲೆ ಬಿಡದ, ಹರೆಯದವರನ್ನು ಸೊರಗಿಸುವ ಕರುಳಿನ ಉರಿಯೂತದ ಕಾಯಿಲೆ ಈಗ ನಮ್ಮ ದೇಶದಲ್ಲೂ ಹೆಚ್ಚಾಗಿ ಪತ್ತೆಯಾಗುತ್ತಿದೆ. ಆ ಕಾಯಿಲೆಯನ್ನು ಅರ್ಥ ಮಾಡಿಕೊಳ್ಳಲು ಮೆಚ್ನಿಕಾಫ್ ಅವರ ಬಾಳಿಗಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ. ಅವರು ಕಂಡ ಸತ್ಯವೂ, ಮಾಡಿದ ತಪ್ಪೂ, ಎರಡೂ ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಮೆಚ್ನಿಕಾಫ್ ಹುಟ್ಟಿದ್ದು 1845ರಲ್ಲಿ, ಖಾರ್ಕೋವ್ ಪಟ್ಟಣದ ಸೀಮೆಯಲ್ಲಿ. ಆಗ ಅದು ರಷ್ಯಾ ಚಕ್ರಾಧಿಪತ್ಯದ ಭಾಗ, ಈಗ ಉಕ್ರೇನ್ ದೇಶದಲ್ಲಿದೆ. ಗೋಧಿ ಬೆಳೆಯುವ ಬಯಲು ನಾಡು. ತಂದೆ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು, ಹಳ್ಳಿಯಲ್ಲಿ ಜಮೀನಿತ್ತು. ಹುಡುಗ ನಾಲ್ಕು ವರ್ಷದ ವಿಶ್ವವಿದ್ಯಾಲಯದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿದ. ಜರ್ಮನಿ, ಇಟಲಿಗಳಲ್ಲಿ ಕಡಲ ಜೀವಿಗಳ ಬಗ್ಗೆ ಕಲಿತು ಬಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದಲ್ಲಿ ಪ್ರಾಧ್ಯಾಪಕನಾದ.

ಮನೆಯ ಸುಖ ಮೊದಲಿಗೆ ಒದಗಲಿಲ್ಲ. 1869ರಲ್ಲಿ ಲುದ್ಮಿಲಾ ಎಂಬ ಕನ್ಯೆಯನ್ನು ಮದುವೆಯಾದಾಗ ಆಕೆಗೆ ಕ್ಷಯ ಎಷ್ಟು ಏರಿತ್ತೆಂದರೆ ಇಗರ್ಜಿಗೆ ಕುರ್ಚಿಯಲ್ಲಿ ಹೊತ್ತು ತರಬೇಕಾಯಿತು. ನಾಲ್ಕು ವರ್ಷ ಊರೂರು, ಹವೆ ಹವೆ ಬದಲಿಸಿದರು. 1873ರಲ್ಲಿ ಮದೀರಾ ದ್ವೀಪದಲ್ಲಿ ಆಕೆ ತೀರಿಕೊಂಡರು. ಮೆಚ್ನಿಕಾಫ್ ದುಃಖದಲ್ಲಿ ಮಾರ್ಫಿನ್ ನುಂಗಿದರು, ವಾಂತಿಯಾಗಿ ಬದುಕಿದರು. ಎರಡು ವರ್ಷದ ಮೇಲೆ ಓಲ್ಗಾ ಎಂಬ ವಿದ್ಯಾರ್ಥಿನಿಯನ್ನು ಮದುವೆಯಾದರು. ಆಕೆಯೂ ವಿಜ್ಞಾನ ಕಲಿತು ಗಂಡನ ಜೊತೆಗೆ ದುಡಿದರು. ಈ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಬರುತ್ತದೆ.

ಆ ದಿನಗಳಲ್ಲಿ ದಕ್ಷಿಣ ರಷ್ಯಾದ ಗೋಧಿ ಹೊಲಗಳಿಗೆ ಒಂದು ದುಂಬಿ ಬಿದ್ದಿತ್ತು. ಮರಿ ಮಣ್ಣಿನಲ್ಲಿದ್ದು ಬೇರು ತಿನ್ನುವುದು, ದುಂಬಿಯಾದ ಮೇಲೆ ತೆನೆಗೆ ಏರುವುದು. ಮೆಚ್ನಿಕಾಫ್ ಆ ಹುಳುಗಳನ್ನು ಅಗೆಸಿ ನೋಡಿದಾಗ ಕೆಲವು ಹಸಿರು ಬೂಷ್ಟು ಹಿಡಿದು ಸತ್ತಿದ್ದವು. ದುಂಬಿಯ ವೈಜ್ಞಾನಿಕ ಹೆಸರನ್ನೇ ಆ ಬೂಷ್ಟಿಗೆ ಇಟ್ಟರು. ಬೂಷ್ಟನ್ನು ಬೇರೆಯಾಗಿ ಬೆಳೆಸಿ ಹೊಲಕ್ಕೆ ಹಾಕಬಹುದೆಂದು ಹೇಳಿದ್ದಲ್ಲದೆ, ಬಿಯರ್ ಕಾಯಿಸುವ ಧಾನ್ಯದ ಗಂಜಿಯಲ್ಲಿ ಬೆಳೆಸಿಯೂ ತೋರಿಸಿದರು. ಹುಳುವಿಗೆ ರೋಗ ಅಂಟಿಸಿ ಬೆಳೆ ಉಳಿಸುವ ವಿದ್ಯೆಯ ಮೊದಲ ಪಾಠಗಳಲ್ಲಿ ಇದೊಂದು. ರೋಗವೆಂದರೆ ಒಂದು ಜೀವಿಗೂ ಇನ್ನೊಂದು ಜೀವಿಗೂ ನಡೆಯುವ ಕುಸ್ತಿ ಎಂಬ ನೋಟ ಅವರಿಗೆ ಹೊಲದಿಂದಲೇ ಬಂತೆಂದರೆ ತಪ್ಪಾಗದು.

1881ರಲ್ಲಿ ರಷ್ಯಾದ ಚಕ್ರವರ್ತಿಯ ಕೊಲೆಯಾಯಿತು. ವಿಶ್ವವಿದ್ಯಾಲಯಗಳಲ್ಲಿ ಗಲಭೆ, ಮೇಲಿನವರ ಬಿಗಿ. ಮರುವರ್ಷ ಮೆಚ್ನಿಕಾಫ್ ಕೆಲಸ ಬಿಟ್ಟು ಸಂಸಾರ ಸಮೇತ ಇಟಲಿಯ ಸಿಸಿಲಿ ದ್ವೀಪದ ಮೆಸ್ಸೀನಾಕ್ಕೆ ಹೋದರು. ಅಲ್ಲಿ ಅವರ ಕೋಣೆಯೇ ಪ್ರಯೋಗಶಾಲೆ. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನಲ್ಲಿ ಕೋತಿಗಳ ಆಟ ನೋಡಲು ಹೋಗಿದ್ದಾಗ ಇವರು ಸೂಕ್ಷ್ಮದರ್ಶಕದ ಮುಂದೆ ಕೂತು ನಕ್ಷತ್ರ ಮೀನಿನ ಮರಿಯನ್ನು ನೋಡುತ್ತಿದ್ದರು. ಆ ಮರಿ ಗಾಜಿನಂತೆ ಪಾರದರ್ಶಕ. ಒಳಗೆ ಅಲೆದಾಡುವ ಕಣಗಳು ಕಾಣುತ್ತವೆ. ಇವು ಸುಮ್ಮನೆ ಅಲೆಯುತ್ತಿಲ್ಲ, ಹೊರಗಿನಿಂದ ಬಂದ ವೈರಿಯನ್ನು ಹಿಡಿಯಲು ಕಾವಲು ತಿರುಗುತ್ತಿವೆ ಎಂದು ಅವರಿಗೆ ಥಟ್ಟನೆ ಹೊಳೆಯಿತು. ಹಾಗಾದರೆ ಮುಳ್ಳು ಚುಚ್ಚಿದರೆ ಕಣಗಳು ಅಲ್ಲಿಗೆ ಓಡಿ ಬರಬೇಕಷ್ಟೆ. ಹಿತ್ತಿಲಿಗೆ ಹೋಗಿ ಗುಲಾಬಿಯ ಮುಳ್ಳು ಕಿತ್ತು ತಂದು ಮರಿಗಳ ಮೈಗೆ ಚುಚ್ಚಿದರು. ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗಿನ ಜಾವ ನೋಡಿದರೆ ಮುಳ್ಳಿನ ಸುತ್ತ ಕಣಗಳು ಸಂತೆಯಂತೆ ನೆರೆದಿದ್ದವು.

ನಿಮ್ಮ ಅಂಗಾಲಿಗೆ ಜಾಲಿ ಮುಳ್ಳು ಮುರಿದಾಗ ಮಾರನೆಯ ದಿನ ಕೆಂಪಗಾಗಿ, ಬಿಸಿಯೇರಿ, ಕೀವು ತುಂಬುವುದಿಲ್ಲವೇ? ಆ ಕೀವು ಎಂದರೆ ಬಹುಪಾಲು ಈ ಕಣಗಳೇ. ಇವಕ್ಕೆ ಭಕ್ಷಕ ಕಣಗಳೆಂದು ಹೆಸರಾಯಿತು. ಉರಿಯೂತವೆಂದರೆ ಬರಿಯ ಕೇಡಲ್ಲ, ಮೈಯ ರಕ್ಷಣೆಯ ಕೆಲಸವೂ ಹೌದು ಎಂಬ ಮಾತು ಅಂದಿನ ವೈದ್ಯರಿಗೆ ಹೊಸದು. ಹಲವರು ಒಪ್ಪಲಿಲ್ಲ. ರಕ್ತದ ರಸದಲ್ಲಿರುವ ವಸ್ತುಗಳೇ ರೋಗಾಣುಗಳನ್ನು ಕೊಲ್ಲುತ್ತವೆ ಎಂದು ಜರ್ಮನಿಯವರು ವಾದಿಸಿದರು. ಇಪ್ಪತ್ತು ವರ್ಷಕ್ಕೂ ಮೀರಿ ಜಗಳ ನಡೆದು, ಕೊನೆಗೆ ಎರಡೂ ನಿಜವೆಂದು ತಿಳಿಯಿತು. 1908ರ ನೊಬೆಲ್ ಬಹುಮಾನವನ್ನು ಮೆಚ್ನಿಕಾಫ್ ಮತ್ತು ಎದುರು ಪಕ್ಷದ ಪಾಲ್ ಎರ್ಲಿಕ್ ಇಬ್ಬರಿಗೂ ಹಂಚಿದರು.

ನಡುವೆ ಒಂದು ಕಹಿ ಘಟನೆ. 1886ರಲ್ಲಿ ಒಡೆಸ್ಸಾದಲ್ಲಿ ಲಸಿಕೆ ತಯಾರಿಸುವ ಕೇಂದ್ರ ತೆರೆದು ಇವರನ್ನು ಮುಖ್ಯಸ್ಥರನ್ನಾಗಿ ಮಾಡಿದರು. ಕುರಿಗಳಿಗೆ ನೆರಡಿ ರೋಗದ ಲಸಿಕೆ ಅಲ್ಲಿಂದ ಹೋಯಿತು. ಚುಚ್ಚಿದ ಕುರಿಗಳು ಸಾವಿರಗಟ್ಟಲೆ ಸತ್ತವು. ಆಗ ಇವರು ಊರಿನಲ್ಲಿರಲಿಲ್ಲ, ತಯಾರಿಸಿದವರು ಸಹಾಯಕರು. ಆದರೂ ಹೆಸರು ಇವರದೇ. ಕುರಿ ಕಳೆದುಕೊಂಡವರ ಸಂಕಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. 1888ರಲ್ಲಿ ಒಡೆಸ್ಸಾ ಬಿಟ್ಟು ಪ್ಯಾರಿಸಿಗೆ ಹೋದರು. ಲೂಯಿ ಪಾಶ್ಚರ್ ತಮ್ಮ ಹೊಸ ಸಂಸ್ಥೆಯಲ್ಲಿ ಅವರಿಗೆ ಜಾಗ ಕೊಟ್ಟರು. ಉಳಿದ ಇಪ್ಪತ್ತೆಂಟು ವರ್ಷ ಅಲ್ಲೇ.

ಐವತ್ತು ದಾಟಿದ ಮೇಲೆ ಅವರ ಮನಸ್ಸು ಮುಪ್ಪಿನ ಕಡೆಗೆ ತಿರುಗಿತು. ದೊಡ್ಡ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಾಣುಗಳು ಆಹಾರವನ್ನು ಕೊಳೆಸುತ್ತವೆ, ಆ ಕೊಳೆತದ ವಿಷ ರಕ್ತಕ್ಕೆ ಇಳಿದು ಮನುಷ್ಯ ಬೇಗ ಮುದಿಯಾಗುತ್ತಾನೆ ಎಂಬುದು ಅವರ ತೀರ್ಮಾನ. ಹಾಲು ಹೆಪ್ಪುಗಟ್ಟಿ ಹುಳಿಯಾದರೆ ಕೊಳೆಯುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಮೊಸರು ತಿನ್ನುವ ಬಲ್ಗೇರಿಯಾದ ಹಳ್ಳಿಗರಲ್ಲಿ ನೂರು ದಾಟಿದವರು ಬಹಳ ಎಂದೂ ಕೇಳಿದ್ದರು. ಆ ಮೊಸರಿನ ಜೀವಾಣುವನ್ನು 1905ರಲ್ಲಿ ಸ್ತಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯಾದ ಯುವಕ ಗುರುತಿಸಿದ. ಅದಕ್ಕೂ ಮುಂಚೆಯೇ, 1904ರಲ್ಲಿ, ಮೆಚ್ನಿಕಾಫ್ ಪ್ಯಾರಿಸಿನಲ್ಲಿ ಮುಪ್ಪಿನ ಬಗ್ಗೆ ಉಪನ್ಯಾಸ ಕೊಟ್ಟರು. ಊರೆಲ್ಲ ಮೊಸರಿನ ಮಾತು! ಔಷಧದ ಅಂಗಡಿಗಳಲ್ಲಿ ಹೆಪ್ಪಿನ ಗುಳಿಗೆ ಮಾರಾಟಕ್ಕೆ ಬಂತು. ನಮ್ಮ ಅಜ್ಜಿಯಂದಿರು ದಿನಾ ರಾತ್ರಿ ಹೆಪ್ಪು ಹಾಕಿ ಮಲಗುತ್ತಿದ್ದುದನ್ನು ಅಲ್ಲಿಯವರು ಶಾಸ್ತ್ರವಾಗಿ ಕಲಿತರು ಎನ್ನಿ. ಮೆಚ್ನಿಕಾಫ್ ತಾವೂ ವರ್ಷಗಟ್ಟಲೆ ತಪ್ಪದೆ ಹುಳಿ ಹಾಲು ಕುಡಿದರು. ಹಸಿ ತರಕಾರಿ ಮುಟ್ಟುತ್ತಿರಲಿಲ್ಲ. ಹಣ್ಣಿಗೂ ಕುದಿಯುವ ನೀರು ಹಾಕಿ ತಿನ್ನುತ್ತಿದ್ದರು.

ಅವರ ವಾದವನ್ನು ಕೆಲವರು ಅತಿಗೆ ಒಯ್ದರು. ಲಂಡನ್ನಿನ ಅರ್ಬತ್‌ನಾಟ್ ಲೇನ್ ಎಂಬ ಶಸ್ತ್ರವೈದ್ಯರು ಮಲಬದ್ಧತೆಗೆಂದು ಬಂದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದರು. ಕೆಲವರು ಅದರಲ್ಲೇ ಸತ್ತರು.

ತಪ್ಪಿನ ಸುಳಿವು ಅವರ ಮನೆಯಲ್ಲೇ ಇತ್ತು. ಓಲ್ಗಾ 1901ರಲ್ಲಿ ಕಪ್ಪೆಯ ಗೊದಮೊಟ್ಟೆಗಳನ್ನು ಸೂಕ್ಷ್ಮಾಣುಗಳೇ ಇಲ್ಲದಂತೆ ಸಾಕಿ ನೋಡಿದ್ದರು. ಅವು ಸರಿಯಾಗಿ ಬೆಳೆಯಲಿಲ್ಲ. ಹೆಂಡತಿಯ ಪ್ರಯೋಗವನ್ನು ಗಂಡ ಇನ್ನಷ್ಟು ಮನಸ್ಸಿಟ್ಟು ನೋಡಬೇಕಿತ್ತು ಎಂದು ನನಗೆ ಅನಿಸುತ್ತದೆ. ಅದೇ ಪಾಶ್ಚರ್ ಸಂಸ್ಥೆಯಲ್ಲಿ ಹೆನ್ರಿ ಟಿಸ್ಸಿಯರ್ ಎಂಬುವರು ಎದೆಹಾಲು ಕುಡಿಯುವ ಕೂಸುಗಳ ಕರುಳಿನಲ್ಲಿ ಬೈಫಿಡೊ ಎಂಬ ಒಳ್ಳೆಯ ಜೀವಾಣುಗಳನ್ನೂ ಕಂಡಿದ್ದರು.

ಇಂದು ನಮಗೆ ತಿಳಿದದ್ದೇನು? ಕರುಳಿನ ಸೂಕ್ಷ್ಮಾಣುಗಳು ಒಟ್ಟಿಗೆ ವೈರಿಗಳಲ್ಲ. ನಾವು ಜೀರ್ಣಿಸಲಾರದ ನಾರನ್ನು ಅವು ಹುದುಗಿಸಿ ಬ್ಯುಟಿರಿಕ್ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಅಂದರೆ ರಾಗಿ, ಹುರುಳಿ, ಸೊಪ್ಪು ತಿಂದಾಗ ಉಣ್ಣುವವರು ನಾವೊಬ್ಬರೇ ಅಲ್ಲ. ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬಿದ್ದರೆ ಮಣ್ಣಿನ ಜೀವಾಣು ಬದುಕುವ ಹಾಗೆ.

ಇನ್ನು ಕರುಳಿನ ಉರಿಯೂತದ ಕಾಯಿಲೆ. ಇದರಲ್ಲಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ಎಂಬುದರಲ್ಲಿ ದೊಡ್ಡ ಕರುಳಿನ ಒಳಪದರ ಹುಣ್ಣಾಗುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಬರಬಹುದು; ಕರುಳಿನ ಗೋಡೆಯ ಆಳಕ್ಕೂ ಇಳಿಯುತ್ತದೆ. ಎರಡರಲ್ಲೂ ಮೆಚ್ನಿಕಾಫ್ ಕಂಡ ಕಾವಲುಗಾರರೇ ಕರುಳಿನ ನಿವಾಸಿಗಳ ಮೇಲೆ ಬಿದ್ದು ಜಗಳ ನಿಲ್ಲಿಸದೆ ಮನೆಯನ್ನೇ ಸುಡುತ್ತಾರೆ. ಮುಳ್ಳು ತೆಗೆದ ಮೇಲೂ ಆರದ ಕೀವಿನಂತೆ. ರಕ್ಷಣಾ ಶಕ್ತಿಯಲ್ಲಿ ಹುಟ್ಟುದೋಷವಿರುವ ಒಂದು ಜಾತಿಯ ಇಲಿಗಳಿಗೆ ಕರುಳು ಹುಣ್ಣಾಗುತ್ತದೆ. ಅವೇ ಇಲಿಗಳನ್ನು ಸೂಕ್ಷ್ಮಾಣುಗಳಿಲ್ಲದ ಪೆಟ್ಟಿಗೆಯಲ್ಲಿ ಸಾಕಿದರೆ ಹುಣ್ಣಾಗುವುದಿಲ್ಲ. 2001ರಲ್ಲಿ ಕ್ರೋನ್ಸ್ ರೋಗಿಗಳಲ್ಲಿ ಒಂದು ವಂಶವಾಹಿಯ ದೋಷ ಪತ್ತೆಯಾಯಿತು. ಅದು ಭಕ್ಷಕ ಕಣಗಳು ಜೀವಾಣುಗಳನ್ನು ಗುರುತಿಸುವುದಕ್ಕೆ ಸಂಬಂಧಪಟ್ಟದ್ದು. ಆದರೆ ಆ ದೋಷವಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಊಟ, ಧೂಮಪಾನ, ಎಳವೆಯಲ್ಲಿ ಪದೇ ಪದೇ ತೆಗೆದುಕೊಂಡ ಆಂಟಿಬಯಾಟಿಕ್ ಮುಂತಾದವೂ ಸೇರುತ್ತವೆಂದು ತಿಳಿದವರ ಅಭಿಪ್ರಾಯ. ರೋಗಿಗಳ ಕರುಳಿನಲ್ಲಿ ಸೂಕ್ಷ್ಮಾಣುಗಳ ಬಗೆಗಳು ಕಡಿಮೆಯಾಗಿರುತ್ತವೆ. ಬ್ಯುಟಿರಿಕ್ ಆಮ್ಲ ಮಾಡುವವೂ ಕುಗ್ಗಿರುತ್ತವೆ. ಇದು ಬಿಳಿಯರ ರೋಗ ಎಂಬ ಹಳೆಯ ನಂಬಿಕೆ ಈಗ ಉಳಿದಿಲ್ಲ. ಪಂಜಾಬಿನಲ್ಲಿ ಮನೆಮನೆ ವಿಚಾರಿಸಿ 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಲಕ್ಷ ಜನರಿಗೆ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು.

ಹಳ್ಳಿಗಳಲ್ಲಿ ತೊಂದರೆ ಇರುವುದು ಇಲ್ಲೇ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಮುಚ್ಚಿಡುತ್ತಾರೆ. ಇಲ್ಲವೇ ಆಮಶಂಕೆಯೆಂದು ಅಂಗಡಿಯ ಮಾತ್ರೆ ನುಂಗುತ್ತಾರೆ. ತಂಪಿಗೆ ಮೊಸರನ್ನ ತಿಂದರೆ ಸರಿಹೋದೀತೆಂದು ಕಾಯುತ್ತಾರೆ. ಭೇದಿ ಎರಡು ಮೂರು ವಾರ ನಿಲ್ಲದಿದ್ದರೆ, ರಕ್ತ ಬೀಳುತ್ತಿದ್ದರೆ, ತೂಕ ಇಳಿದು ಜ್ವರ ಕಾಡಿದರೆ, ರಾತ್ರಿ ನಿದ್ದೆಯಿಂದೆಬ್ಬಿಸಿ ಹೊರಗೆ ಓಡಿಸಿದರೆ, ದಯವಿಟ್ಟು ದೊಡ್ಡಾಸ್ಪತ್ರೆಗೆ ಹೋಗಿ. ಕೊಳವೆ ದುರ್ಬೀನು ಹಾಕಿ ನೋಡಿ, ಒಂದು ಚೂರು ತೆಗೆದು ಪರೀಕ್ಷಿಸುತ್ತಾರೆ. ನಮ್ಮ ದೇಶದಲ್ಲಿ ಇದು ಅಗತ್ಯ. ಏಕೆಂದರೆ ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ನೋಡಲು ಅವಳಿಯಂತೆ, ಆದರೆ ಒಂದರ ಔಷಧಿ ಇನ್ನೊಂದಕ್ಕೆ ಅಪಾಯವಾಗಬಹುದು. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ವಸ್ತುವನ್ನು ಅಳೆಯುವ ಪರೀಕ್ಷೆಯೂ ಇದೆ. ಅದು ಬರುವುದು ಭಕ್ಷಕ ಕಣಗಳಿಂದಲೇ. ಮೆಚ್ನಿಕಾಫ್ ಮುಳ್ಳಿನ ಸುತ್ತ ಕಂಡ ಸಂತೆಯನ್ನು ಇಂದು ಹೀಗೆ ಲೆಕ್ಕ ಹಾಕುತ್ತಾರೆ ಎಂದರೆ ನೋಡಿ.

ಮೊಸರು ಒಗ್ಗುವವರು ತಿನ್ನಲಿ. ಹಾಲು ಅರಗದ ಹಲವರಿಗೆ ಮೊಸರು, ಮಜ್ಜಿಗೆ ಅರಗುತ್ತವೆ. ಆದರೆ ಅದು ಈ ಕಾಯಿಲೆಯ ಔಷಧಿಯಲ್ಲ. ಮೊಸರು ನಂಬಿ ವೈದ್ಯರ ಮಾತ್ರೆ ಬಿಟ್ಟವರಿಗೆ ರೋಗ ಮರುಕಳಿಸುವ ಅಪಾಯವುಂಟು. ನಾರಿನ ಆಹಾರ ಒಳ್ಳೆಯದಾದರೂ ರೋಗ ಕೆರಳಿದಾಗ, ಕರುಳು ಕಿರಿದಾಗಿದ್ದಾಗ ಸೊಪ್ಪುಸದೆ, ಕಾಳು ತೊಂದರೆ ಕೊಡಬಹುದು. ಆಗ ಎಷ್ಟು, ಏನು ಎಂಬುದನ್ನು ವೈದ್ಯರೇ ಹೇಳಬೇಕು. ಬೀಡಿ, ಸಿಗರೇಟು ಬಿಡುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ ಮೆಚ್ನಿಕಾಫ್ ಅವರ ಹೃದಯ ಸೋಲತೊಡಗಿತು. ಪಾಶ್ಚರ್ ಸಂಸ್ಥೆಯಲ್ಲೇ ಹಾಸಿಗೆ ಹಿಡಿದರು. ತಾವು ಸತ್ತ ಮೇಲೆ ಶವ ಪರೀಕ್ಷೆ ಮಾಡಬೇಕು, ಕರುಳನ್ನು ಚೆನ್ನಾಗಿ ನೋಡಬೇಕು ಎಂದು ಜೊತೆಯ ವೈದ್ಯರೊಬ್ಬರನ್ನು ಕೇಳಿಕೊಂಡರು. 1916ರ ಜುಲೈಯಲ್ಲಿ, 71ನೆಯ ವಯಸ್ಸಿನಲ್ಲಿ ತೀರಿಕೊಂಡರು. ದೇಹವನ್ನು ಸುಟ್ಟು, ಬೂದಿಯ ಕರಂಡವನ್ನು ಸಂಸ್ಥೆಯ ಪುಸ್ತಕ ಭಂಡಾರದಲ್ಲಿ ಇರಿಸಿದರು.